ಪಟ್ಟಿರಾಯನ ಮೂವತ್ತೊಂದನೇ ಸಲಹೆ

ಅಕ್ಕನ ಗಂಡನಿಂದ ಮೊದಲ ಪಟ್ಟಿ ಬಂದಾಗ ಅವಳು ಮೇಣದ ದವಡೆಗೆ ಹಲ್ಲು ಕೂರಿಸುತ್ತಿದ್ದಳು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಹದಿನಾರು ವರ್ಷದಿಂದ ಒಬ್ಬ ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ಬಾಯಿ ಬರಿದಾದವರಿಗೆ ಮತ್ತೆ ಅಗಿಯುವ ಯೋಗ ಕೊಡಿಸುತ್ತಿದ್ದಳು. ಆ ಕೆಲಸವೇ ಈಗ ಅವಳನ್ನೂ ಅವಳ ಸಂಸಾರವನ್ನೂ ಪರದೇಶದ ಒಂದು ಊರಿಗೆ ಕರೆದಿತ್ತು. ಅಲ್ಲಿನ ಒಂದು ಲ್ಯಾಬಿನಿಂದ ನೇಮಕದ ಪತ್ರ ಬಂದು ಎರಡು ದಿನವೂ ಆಗಿರಲಿಲ್ಲ. ಅದೇ ಊರಿನಲ್ಲಿ ಹನ್ನೊಂದು ವರ್ಷದಿಂದಿದ್ದ ಭಾವನಿಗೆ ಸುದ್ದಿ ಮುಟ್ಟಿ, ಸಲಹೆ ಶುರುವಾಗಿತ್ತು.

"ಗಮನ ಇಟ್ಟು ಕೇಳಿ," ಎಂದಿತು ಫೋನಿಗೆ ಬಂದಿದ್ದ ಆಡಿಯೋದೊಳಗಿನ ದನಿ. "ಇವತ್ತು ಒಂದರಿಂದ ಒಂಬತ್ತು. ಉಳಿದಿದ್ದು ನಾಳೆ. ಒಂದು: ಪ್ರತಿ ಕಾಗದಕ್ಕೂ ಹದಿನಾಲ್ಕು ಜೆರಾಕ್ಸ್. ಹದಿಮೂರಲ್ಲ, ಹದಿನೈದೂ ಅಲ್ಲ. ಎರಡು: ವಿಮಾನದಿಂದ ಇಳಿದ ಮೇಲೆ ಯಾರನ್ನೂ ನೋಡಿ ನಗಬೇಡಿ. ಇಲ್ಲಿ ನಕ್ಕೋರನ್ನ ಅನುಮಾನದಿಂದ ನೋಡ್ತಾರೆ."

ಅವಳು ಫೋನನ್ನು ಮಗುಚಿಟ್ಟು ಕೆಲಸಕ್ಕೆ ತಿರುಗಿದಳು.

ಭಾವ ಒಂದು ಕಾಲದಲ್ಲಿ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ಅವನು ಬಸ್ಸು ಹತ್ತಿದರೆ ಟಿಕೆಟ್ ಇದ್ದವರ ಎದೆಯೂ ಡವಡವ ಎನ್ನುತ್ತಿತ್ತು. ಆಮೇಲೆ ಅಕ್ಕನಿಗೆ ಆ ದೂರದ ಊರಿನ ವೃದ್ಧಾಶ್ರಮವೊಂದರಲ್ಲಿ ದಾದಿಯ ಕೆಲಸ ಸಿಕ್ಕಿತು. ಅಕ್ಕ ಹೋದಳು, ಅವಳ ಹಿಂದೆ ಎರಡು ಸೂಟ್‌ಕೇಸು ಹಿಡಿದುಕೊಂಡು ಭಾವನೂ ಹೋದ. ಆದರೆ ಅವನ ಬಾಯಲ್ಲಿ ಕಥೆ ಬೇರೆ. "ನಿಮ್ಮಕ್ಕನ್ನ ನಾನು ಈ ದೇಶಕ್ಕೆ ಕರ್ಕೊಂಡು ಬಂದಾಗ" ಎಂದೇ ಅವನ ಮಾತು ಆರಂಭವಾಗುತ್ತಿದ್ದುದು. ಎದುರಿಗೆ ನೀವು ತಾವು ಎನ್ನುತ್ತಿದ್ದರೂ ಅವಳ ಮನಸ್ಸಿನಲ್ಲಿ ಅವನಿಗಿದ್ದ ಬಹುವಚನ ಎಂದೋ ಬಿದ್ದುಹೋಗಿತ್ತು.

ಅವಳ ಗಂಡನದ್ದು ತದ್ವಿರುದ್ಧ. ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಯಾವ ಮಾತಿಗೆ ನಂಬರು ಬಿದ್ದಿತೋ ಆ ಮಾತು ಅವನ ಪಾಲಿಗೆ ಆದೇಶ. ಮೊದಲ ಪಟ್ಟಿ ಬಂದ ಸಂಜೆಯೇ ಒಂದು ಉದ್ದನೆಯ ನೋಟ್‌ಬುಕ್ಕು ತಂದು, ಕಂದು ರಟ್ಟು ಹಾಕಿ, ಆಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ಕೆಂಪು ಶಾಯಿಯಲ್ಲಿ ನಂಬರು, ನೀಲಿ ಶಾಯಿಯಲ್ಲಿ ಸಲಹೆ ಬರೆಯತೊಡಗಿದ.

"ಅನುಭವಸ್ಥರು ಕಣೇ," ಎಂದ. "ಹನ್ನೊಂದು ವರ್ಷ ಅಂದ್ರೆ ತಮಾಷೆ ಅಲ್ಲ."

"ಹನ್ನೊಂದು ವರ್ಷ ಗೋಡೆಗೆ ಒರಗಿ ನಿಂತಿರೋ ಪೊರಕೆಗೂ ಅನುಭವ ಬರುತ್ತಾ?" ಎಂದಳು ಅವಳು.

ಅತ್ತೆ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಭಾವನಿಗೆ ಪಟ್ಟಿರಾಯ ಎಂದು ಹೆಸರಿಟ್ಟವರು ಅವರೇ. ಹದಿನೇಳನೇ ಸಲಹೆ ಹೀಗಿತ್ತು: "ವಯಸ್ಸಾದೋರನ್ನ ಮೊದಲನೇ ವರ್ಷ ಕರ್ಕೊಂಡು ಬರಬೇಡಿ. ಸುಮ್ನೆ ಹೊರೆ." ಗಂಡ ಆಡಿಯೋ ನಿಲ್ಲಿಸಿ ತಾಯಿಯ ಮುಖ ನೋಡಿದ. ಅತ್ತೆ ಶಾಂತವಾಗಿ ಕಾಲು ಚಾಚಿ, "ಬರ್ಕೊಳ್ಳೋ, ಬಿಟ್ಟುಬಿಟ್ಟೀಯಾ," ಎಂದರು. ಆಮೇಲೆ ವಾರವಿಡೀ ಅವರದ್ದು ಒಂದೇ ವರಸೆ. "ಹದಿನೇಳಕ್ಕೆ ಒಂಚೂರು ಕಾಫಿ ಸಿಗುತ್ತೇನಮ್ಮಾ?" "ಹದಿನೇಳು ಸ್ನಾನಕ್ಕೆ ಹೋಗ್ತಾ ಇದೆ, ಬಿಸಿನೀರು ಬಿಡಿ." ಹನ್ನೆರಡು ವರ್ಷದ ಮೊಮ್ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಆ ಒಂದು ಸಲಹೆಯನ್ನು ಪಾಲಿಸುವ ಧೈರ್ಯ ಗಂಡನಿಗೂ ಬರಲಿಲ್ಲ. ನಾಲ್ಕು ಟಿಕೆಟ್ಟೇ ಆದವು.

ಇಪ್ಪತ್ತೆರಡನೆಯದು ಅವಳಿಗೇ ಬಂದದ್ದು. "ನಾದಿನಿ, ನಿನ್ನ ಹತ್ಯಾರ ಗಿತ್ಯಾರ ಅಲ್ಲೇ ಬಿಟ್ಟು ಬಾ. ಇಲ್ಲಿ ಹಲ್ಲನ್ನ ಮಿಷನ್ನೇ ಮಾಡುತ್ತೆ. ನಿನ್ನ ಚೂರಿ ಚಮಚ ನೋಡಿ ನಗ್ತಾರೆ."

ಅವಳು ತನ್ನ ಮೇಣದ ಚೂರಿಗಳನ್ನೂ, ಗಾರೆ ಕಲೆಸುವ ರಬ್ಬರ್ ಬಟ್ಟಲನ್ನೂ, ತಾನೇ ಮಸೆದು ಹದ ಮಾಡಿಕೊಂಡಿದ್ದ ಏಳು ಕೆತ್ತುವ ಕಡ್ಡಿಗಳನ್ನೂ ಎರಡು ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕಿಟ್ಟಳು. ಹನ್ನೆರಡನೆಯದು ಬೂಟಿನ ವಿಷಯ. ಒಂದು ಅಳತೆ ದೊಡ್ಡದು ಕೊಂಡು, ದಪ್ಪ ಕಾಲುಚೀಲ ಹಾಕಬೇಕಂತೆ. ಪಟ್ಟಿರಾಯ ಹೇಳಿದ ಎಂಬ ಒಂದೇ ಕಾರಣಕ್ಕೆ ಅವಳು ತನ್ನ ಕಾಲಿಗೆ ಸರಿಯಾಗಿ ಕಚ್ಚಿಕೊಳ್ಳುವ ಬೂಟನ್ನೇ ಕೊಂಡಳು.

ವಿಮಾನ ನಿಲ್ದಾಣದಲ್ಲಿ ಭಾವ ಮೊಣಕಾಲು ದಾಟುವ ಕೋಟು ತೊಟ್ಟು, ಬಸ್ಸು ನಿಲ್ಲಿಸುವವನಂತೆ ಒಂದು ಕೈ ಎತ್ತಿ ನಿಂತಿದ್ದ. ಅವನ ಕೆಲಸವೂ ಅಲ್ಲೇ. ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಗಾಡಿಗಳನ್ನು ಒಂದಕ್ಕೊಂದು ಜೋಡಿಸಿ ಉದ್ದದ ಸಾಲು ಮಾಡಿ ತಳ್ಳಿಕೊಂಡು ಬರುವುದು. ಊರಿಗೆ ಫೋನು ಮಾಡಿದಾಗ ಅದು "ಏರ್‌ಪೋರ್ಟ್ ಆಡಳಿತ" ಆಗುತ್ತಿತ್ತು. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಎಂದಿನಂತೆ ಅರ್ಧ ನಿದ್ದೆಯ ಕಣ್ಣು, ಕೈಯಲ್ಲಿ ಎಲ್ಲರಿಗೂ ಒಂದೊಂದು ಉಣ್ಣೆಯ ಟೋಪಿ. ಅಕ್ಕ ತಂಗಿಯನ್ನು ಅಪ್ಪಿಕೊಳ್ಳಲು ಬಂದಳು. ಭಾವ ನಡುವೆ ಬಂದು, "ಮೊದಲು ಸಾಮಾನು ಎಣಿಸಿ," ಎಂದ.

ಹೊಸ ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಉದ್ದ ಕಿಟಕಿ, ಕಿಟಕಿಯ ಕೆಳಗೆ ಬಿಸಿ ಹಬೆಯ ಕಬ್ಬಿಣದ ಪಟ್ಟಿಗಳು. ಕಟ್ಟಡ ನೋಡಿಕೊಳ್ಳುವ ದಪ್ಪ ಹೆಂಗಸು ಬೀಗದ ಗೊಂಚಲು ಗಲಗಲ ಎನ್ನಿಸುತ್ತ ಬಂದು, ಅಡುಗೆಮನೆಯ ಕಡೆ ಕೈ ತೋರಿಸಿ, ಬಚ್ಚಲಿನ ಕಡೆ ತೋರಿಸಿ, ಒಂದೇ ಉಸಿರಿಗೆ ಮೂರು ನಿಮಿಷ ಮಾತಾಡಿದಳು. ಭಾವ ಗಂಭೀರವಾಗಿ ಏಳೆಂಟು ಸಲ ತಲೆದೂಗಿ, ಕೊನೆಗೆ ಒಂದು ಪದ ಹೇಳಿದ. ಆ ಹೆಂಗಸು ಹೊರಟುಹೋದಳು.

"ಏನಂದಳು ಅಣ್ಣಾ?" ಎಂದು ಗಂಡ ನೋಟ್‌ಬುಕ್ಕು ತೆರೆದ.

"ಎಲ್ಲಾ ಸರಿ ಇದೆ ಅಂದಳು."

ಮರುದಿನ ಬೆಳಗ್ಗೆ ನಲ್ಲಿಯಲ್ಲಿ ಬಿಸಿನೀರಿಲ್ಲ. ಅದರ ಮರುದಿನವೂ ಇಲ್ಲ. ಭಾವನಿಗೆ ಫೋನು ಮಾಡಿದರೆ, "ಮೊದಲ ವಾರ ತಣ್ಣೀರು ಅಭ್ಯಾಸ ಮಾಡ್ಕೊಳ್ಳಿ, ದೇಹಕ್ಕೆ ಒಳ್ಳೇದು" ಎಂಬ ಸಲಹೆ ಬಂತು. ಮೂರನೇ ದಿನ ಅತ್ತೆ ತಾವಾಗಿಯೇ ಮೆಟ್ಟಿಲಿಳಿದು ಹೋಗಿ, ಆ ದಪ್ಪ ಹೆಂಗಸಿನ ಮುಂದೆ ಸ್ನಾನ ಮಾಡುವ ಹಾಗೆ, ನಡುಗುವ ಹಾಗೆ, ಸಾಯುವ ಹಾಗೆ ಅಭಿನಯಿಸಿ ತೋರಿಸಿದರು. ಅವಳು ನಗುತ್ತ ಮೇಲೆ ಬಂದು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿದ್ದ ಒಂದು ಕೆಂಪು ತಿರುಪನ್ನು ತಿರುಗಿಸಿದಳು. ಬುಸ್ಸೆಂದು ಬಿಸಿನೀರು ಬಂತು. ಮೊದಲ ದಿನವೇ ಆ ಹೆಂಗಸು ಹೇಳಿದ್ದು ಇದನ್ನೇ.

ಅಂದು ಅವಳಿಗೆ ಗೊತ್ತಾಯಿತು, ಭಾವನಿಗೆ ಈ ಊರಿನ ಭಾಷೆ ಬರುವುದಿಲ್ಲ. ಹನ್ನೊಂದು ವರ್ಷದಲ್ಲಿ ಅವನು ಕಲಿತದ್ದು ನಲವತ್ತು ಪದವಿರಬಹುದು. ಅದರಲ್ಲಿ ಅರ್ಧ ನಮಸ್ಕಾರ, ಕ್ಷಮಿಸಿ, ದಾರಿ ಬಿಡಿ. ಅದಕ್ಕೂ ಹೆಚ್ಚಿನದೇನಾದರೂ ಬೇಕಾದರೆ ಫೋನಿನಲ್ಲಿ ಅಕ್ಕನನ್ನು ಹಿಡಿದು, "ತಗೋ, ಇವರಿಗೆ ಸ್ವಲ್ಪ ತಿಳಿಸಿ ಹೇಳು, ನಾನು ಬಿಜಿ ಇದೀನಿ," ಎಂದು ಎದುರಿನವರ ಕೈಗೆ ಕೊಟ್ಟುಬಿಡುತ್ತಿದ್ದ.

ಬೂಟಿನ ವಿಷಯದಲ್ಲಿ ಮಾತ್ರ ಅವನು ಹೇಳಿದ್ದು ನಿಜವಾಗಿತ್ತು. ದಿನಕ್ಕೆ ಹತ್ತು ಮೈಲಿ ಗಾಡಿ ತಳ್ಳುವವನಿಗೆ ಕಾಲಿನ ಸಂಗತಿ ತಿಳಿದಿತ್ತು. ಎರಡನೇ ವಾರಕ್ಕೆ ಅವಳ ಎರಡೂ ಹೆಬ್ಬೆರಳು ನೇರಳೆಯಾಗಿ, ಉಗುರು ಸಡಿಲಾಯಿತು. ಅವಳು ಕುಂಟುತ್ತ ಕೆಲಸಕ್ಕೆ ಹೋದಳೇ ಹೊರತು, ಯಾರ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ.

ಲ್ಯಾಬು ಒಂದು ಹಳೆಯ ಗೋದಾಮಿನ ಎರಡನೇ ಅಂತಸ್ತಿನಲ್ಲಿತ್ತು. ಒಂದು ಕಡೆ ಗಾಜಿನ ಕೋಣೆಯಲ್ಲಿ ಎರಡು ಯಂತ್ರಗಳು ಗುಲಾಬಿ ಬಣ್ಣದ ಒಸಡುಗಳನ್ನು ಪದರ ಪದರವಾಗಿ ಬೆಳೆಸುತ್ತಿದ್ದವು. ಇನ್ನೊಂದು ಕಡೆ ಉದ್ದನೆಯ ಮೇಜು, ಪ್ರತಿ ಕುರ್ಚಿಗೂ ಒಂದು ದೀಪ, ಒಂದು ಉಜ್ಜುವ ಮೋಟಾರು, ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಕೀಲು. ಯಜಮಾನಿ ನೆತ್ತಿಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಓಡಾಡುವ ಸಣಕಲು ಮುದುಕಿ. ಇಪ್ಪತ್ತಾರನೇ ಸಲಹೆಯ ಪ್ರಕಾರ, ಕೆಲಸದ ಕಡೆ ಏನು ಕೇಳಿದರೂ ಗೊತ್ತು ಎನ್ನಬೇಕಿತ್ತು. ಅವಳು ಯಂತ್ರದ ಕಡೆ ಬೆರಳು ತೋರಿಸಿ, ತಲೆ ಅಡ್ಡಡ್ಡ ಆಡಿಸಿ, ಗೊತ್ತಿಲ್ಲ ಎಂದಳು. ಮುದುಕಿಗೆ ಅದು ಹಿಡಿಸಿತು. ನಾಲ್ಕು ದಿನ ತಾನೇ ಪಕ್ಕದಲ್ಲಿ ಕೂತು ಕಲಿಸಿದಳು. ಐದನೇ ದಿನ ಯಂತ್ರ ಮಾಡಿದ ಹಲ್ಲುಸೆಟ್ಟೊಂದರಲ್ಲಿ ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರದೆ ಹೋದಾಗ, ಅವಳು ತನ್ನ ಟವೆಲ್ಲಿನ ಸುತ್ತು ಬಿಚ್ಚಿ ಕೆತ್ತುವ ಕಡ್ಡಿ ತೆಗೆದಳು. ಯಾರೂ ನಗಲಿಲ್ಲ. ಪಕ್ಕದವನು ಅವುಗಳಲ್ಲೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮರ್ಯಾದೆಯಿಂದ ಇದ್ದಲ್ಲೇ ಇಟ್ಟ.

ಆ ಮೇಜಿನ ಮುಂದೆ ಕೂತಾಗಲೆಲ್ಲ ಅವಳಿಗೆ ಭಾವನ ಮೇಲಿನ ತಾತ್ಸಾರ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅವಳ ಕೆಲಸದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತೊಟ್ಟವನ ಬಾಯಿ ಆ ಕ್ಷಣವೇ ಹೇಳಿಬಿಡುತ್ತದೆ. ಸೆಟ್ಟು ವಾಪಸು ಬರುತ್ತದೆ, ತಪ್ಪು ಮಾಡಿದವಳು ತಲೆ ತಗ್ಗಿಸಿ ಮತ್ತೆ ಮಾಡಬೇಕು. ಇವನ ಕೆಲಸದಲ್ಲಿ ಹಾಗೇನಿಲ್ಲ. ಬಾಯಿಗೆ ಬಂದದ್ದು ಹೇಳುವುದು, ನಂಬರು ಹಾಕುವುದು. ಕೆಟ್ಟರೆ ಕೇಳಿದವರ ಗ್ರಹಚಾರ.

ಇಷ್ಟಾದರೂ ಅವಳು ಅವನೊಂದಿಗೆ ವಾದಕ್ಕಿಳಿಯುತ್ತಿರಲಿಲ್ಲ. ವಾದ ಮಾಡುವುದೂ ಒಂದು ಬಗೆಯ ಮರ್ಯಾದೆ, ಅಷ್ಟನ್ನೂ ಅವನಿಗೆ ಯಾಕೆ ಕೊಡಬೇಕು ಎಂದು ಅವಳ ಲೆಕ್ಕ. ಆ ಗರ್ವವೇ ಅವಳಿಗೆ ಮುಳುವಾಯಿತು.

ಮೂವತ್ತೊಂದನೇ ಸಲಹೆ ಹೀಗಿತ್ತು: "ಸಹಿ ಹಾಕಿಸ್ಕೊಂಡು ಕೊಡೋ ಕಾಗದ ಯಾವತ್ತೂ ತಗೋಬೇಡಿ. ಬಾಗಿಲೇ ತೆಗೀಬೇಡಿ. ಸಹಿ ಕೇಳ್ತಾರೆ ಅಂದ್ರೆ ಅದು ದಂಡ, ತಕರಾರು, ಇಲ್ಲಾ ಕೋರ್ಟು. ತಗೊಳ್ಳದೇ ಇದ್ರೆ ನಿಮಗೆ ತಲುಪಿಲ್ಲ ಅಂತ ಅರ್ಥ. ತಲುಪದೇ ಇದ್ದದ್ದು ನಿಮ್ಮನ್ನ ಏನೂ ಮಾಡಕ್ಕಾಗಲ್ಲ. ನಾನು ಹನ್ನೊಂದು ವರ್ಷ ಒಂದೂ ತಗೊಂಡಿಲ್ಲ. ನೋಡಿ, ಹೇಗಿದೀನಿ!"

ಮನೆಯಲ್ಲಿರುತ್ತಿದ್ದವನು ಗಂಡ. ಅವನಿಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಒಂದು ಬೆಳಗ್ಗೆ ಅಂಚೆಯವನು ಗಂಟೆ ಒತ್ತಿದ. ಗಂಡ ಬಾಗಿಲಿನ ತೂತಿನಿಂದ ನೋಡಿದ. ಅಂಚೆಯವನ ಕೈಯಲ್ಲಿ ಲಕೋಟೆ, ಜೊತೆಗೆ ಸಹಿ ಹಾಕುವ ಯಂತ್ರ. ಉಸಿರು ಬಿಗಿಹಿಡಿದು ನಿಂತ. ಅಂಚೆಯವನು ಕಾದು ಕಾದು ಒಂದು ಚೀಟಿ ಸಿಕ್ಕಿಸಿ ಹೋದ. ಗಂಡ ಅದನ್ನು ಹರಿದುಹಾಕಿದ.

"ಇವತ್ತು ಮೂವತ್ತೊಂದು ಬಂದಿತ್ತು," ಎಂದು ಸಂಜೆ ಊಟಕ್ಕೆ ಕೂತಾಗ ಹೇಳಿದ. "ತಗೊಳ್ಳಲಿಲ್ಲ."

"ಏನಿತ್ತಂತೆ ಅದರಲ್ಲಿ?" ಎಂದಳು ಅವಳು.

"ತಗೊಂಡಿದ್ರೆ ತಾನೆ ಗೊತ್ತಾಗೋದು!"

ಅವಳಿಗೆ ನಗು ಬಂತು. ದಿನವಿಡೀ ಉಜ್ಜಿ ಸೋತ ಕೈ, ನೋಯುವ ಕಾಲು. ಈ ಮೂರ್ಖರ ಜೊತೆ ಯಾರು ಬಡಿದಾಡಬೇಕು ಎಂದು ಸುಮ್ಮನಾದಳು. ಎಂಟು ದಿನ ಬಿಟ್ಟು ಎರಡನೇ ಲಕೋಟೆ ಬಂದಾಗಲೂ ಸುಮ್ಮನಾದಳು.

ಎದುರು ಬೀದಿಯಲ್ಲೇ ಒಂದು ಶಾಲೆ. ಕಿಟಕಿಯಲ್ಲಿ ನಿಂತರೆ ಅದರ ಆಟದ ಅಂಗಳ ಕಾಣುತ್ತಿತ್ತು. ಮಗಳ ಹೆಸರನ್ನು ಬಂದ ವಾರವೇ ಅಲ್ಲಿ ಬರೆಸಿದ್ದರು. ಕರೆಯುತ್ತೇವೆ ಎಂದಿದ್ದರು. ಒಂದೂವರೆ ತಿಂಗಳಾದರೂ ಕರೆ ಬರಲಿಲ್ಲ. ಮಗಳು ದಿನವೂ ಕಿಟಕಿಗೆ ಮೂಗು ಒತ್ತಿ, ಅಂಗಳದಲ್ಲಿ ಓಡುವ ಮಕ್ಕಳನ್ನು ನೋಡಿ ನೋಡಿ, ಕೊನೆಗೆ ಅವರಿಗೆ ತಾನೇ ಹೆಸರಿಟ್ಟುಕೊಂಡಿದ್ದಳು. ಅವಳು ಒಂದು ಬೆಳಗ್ಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ಶಾಲೆಯ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತೆ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿ, ಎರಡು ತಾರೀಖುಗಳ ಮೇಲೆ ಪೆನ್ನು ಇಟ್ಟು, ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು. ಟೀವಿ ನೋಡಿ ನೋಡಿ ಅಷ್ಟಿಷ್ಟು ಭಾಷೆ ಹಿಡಿದಿದ್ದ ಮಗಳ ಮುಖ ಇಳಿದುಹೋಯಿತು.

"ಅಮ್ಮಾ, ಪರೀಕ್ಷೆಗೆ ಬಾ ಅಂತ ಎರಡು ಸಲ ಕಾಗದ ಕಳಿಸಿದ್ರಂತೆ. ನಾವೇ ತಗೊಳ್ಳಲಿಲ್ವಂತೆ."

ಜಾಗ ಬೇರೆ ಮಗುವಿಗೆ ಹೋಗಿತ್ತು. ಈ ವರ್ಷಕ್ಕೆ ಉಳಿದದ್ದು ನದಿಯಾಚೆಯ ಶಾಲೆ. ಎರಡು ಬಸ್ಸು ಬದಲಾಯಿಸಬೇಕು, ನಡುವೆ ಒಂದು ಸುರಂಗ ದಾಟಬೇಕು. ಹನ್ನೆರಡು ವರ್ಷದ ಹುಡುಗಿ, ಹೊಸ ಊರು.

ಅವಳು ಮಗಳನ್ನು ಮನೆಗೆ ಬಿಟ್ಟು ನೇರ ಅಕ್ಕನ ಮನೆಗೆ ಹೋದಳು. ಭಾವ ಕೆಲಸದಲ್ಲಿದ್ದ. ಅಕ್ಕ ವೃದ್ಧಾಶ್ರಮದ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು.

"ನಿನ್ನ ಗಂಡನ ಮೂವತ್ತೊಂದು ನನ್ನ ಮಗಳ ಸ್ಕೂಲು ತಿಂದು ಹಾಕ್ತು," ಎಂದು ನಿಂತಲ್ಲೇ ಎಲ್ಲ ಹೇಳಿದಳು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಅಯ್ಯೋ! ನೀವು ಅದನ್ನ ನಿಜವಾಗ್ಲೂ ಪಾಲಿಸಿದ್ರಾ?"

"ಅಂದ್ರೆ?"

"ಅವರು ಚೀಟಿನ ಕಸದ ಬುಟ್ಟಿಗೆ ಹಾಕ್ತಾರೆ. ನಾನು ಎತ್ಕೊಂಡು ಮಾರನೇ ದಿನ ಅಂಚೆ ಕಚೇರಿಗೆ ಹೋಗಿ ಕಾಗದ ಈಸ್ಕೊಂಡು ಬರ್ತೀನಿ. ನಮ್ಮ ವೀಸಾ ಮುಂದುವರಿಸಿದ ಕಾಗದ, ಅವರ ಆಪರೇಷನ್ ತಾರೀಖು, ಎಲ್ಲ ಹಂಗೇ ಬಂದಿದ್ದು ಕಣೇ."

"ಭಾವನಿಗೆ ಗೊತ್ತಾ?"

"ಗೊತ್ತಿಲ್ಲ. ಫೋನಲ್ಲಿ ತಿಳಿಸಿದ್ರು ಅಂತೀನಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅಕ್ಕ ಒಂದೊಂದಾಗಿ ಹೇಳುತ್ತ ಹೋದಳು. ಅವನು ಪಕ್ಕದ ಮನೆಯವರ ಜೊತೆ ಮಾತು ಬೇಡ ಎಂದ, ಇವಳು ಮೆಟ್ಟಿಲಲ್ಲಿ ನಿಂತು ಮಾತಾಡಿ ಸ್ನೇಹ ಉಳಿಸಿಕೊಂಡಳು. ಅವನು ಡಾಕ್ಟರ ಹತ್ತಿರ ಎಲ್ಲಾ ಚೆನ್ನಾಗಿದೆ ಎಂದೇ ಹೇಳಬೇಕು ಎಂದ, ಇವಳು ಅವನ ಬೆನ್ನ ಹಿಂದೆ ನಿಂತು ಇಲ್ಲ ಎಂದು ಸನ್ನೆ ಮಾಡಿದಳು. ಹನ್ನೊಂದು ವರ್ಷ ಅವನು ಮುಂದೆ ಮುಂದೆ ನಿಯಮ ಮಾಡುತ್ತ ನಡೆದರೆ, ಇವಳು ಹಿಂದೆ ಹಿಂದೆ ಅದನ್ನು ಸರಿಮಾಡುತ್ತ ಬಂದಿದ್ದಳು. ಅವನ ಒಂದು ಸಲಹೆಯೂ ಕೆಡಲಿಲ್ಲ, ಏಕೆಂದರೆ ಒಂದೂ ಜಾರಿಗೇ ಬರಲಿಲ್ಲ.

"ಯಾಕಕ್ಕಾ? ಒಂದು ದಿನ ಮುಖದ ಮೇಲೆ ಹೇಳಕ್ಕಾಗ್ಲಿಲ್ವಾ ನಿನಗೆ?"

ಅಕ್ಕ ತೋಳಿನ ಮಡಿಕೆಯನ್ನು ಬೆರಳಿನಿಂದ ತೀಡಿದಳು. "ಅಲ್ಲಿ ಅವರು ಬಸ್ ಹತ್ತಿದ್ರೆ ಜನ ಎದ್ದು ನಿಲ್ತಿದ್ರು. ಇಲ್ಲಿ ಯಾರೋ ಬಿಟ್ಟುಹೋದ ಗಾಡಿ ತಳ್ತಾರೆ. ಒಬ್ಬರೂ ಮುಖ ನೋಡಲ್ಲ. ಏನೋ, ನಾಲ್ಕು ಜನ ಮಾತು ಕೇಳ್ತಾರೆ ಅನ್ನೋ ಸಂತೋಷ ಇರಲಿ ಅಂತ."

"ನಿನ್ನ ಕನಿಕರಕ್ಕೆ ನನ್ನ ಮಗಳು ಎರಡು ಬಸ್ ಬದಲಾಯಿಸ್ತಾಳೆ," ಎಂದಳು ಅವಳು.

ಅಕ್ಕನ ಕಣ್ಣು ತುಂಬಿತು. ತಂಗಿಗೆ ಅಯ್ಯೋ ಎನ್ನಿಸಲಿಲ್ಲ. ಭಾವ ದಡ್ಡ, ಸರಿ. ದಡ್ಡತನಕ್ಕೆ ಇಸ್ತ್ರಿ ಹಾಕಿ ಹಾಕಿ ಗರಿಗರಿಯಾಗಿ ಇಟ್ಟವಳು ಇವಳು. ಅಂದಿನ ಮಟ್ಟಿಗೆ ಅಕ್ಕನ ಮೇಲಿದ್ದ ತಾತ್ಸಾರವೇ ಒಂದು ಗುಲಗಂಜಿ ಹೆಚ್ಚಾಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ನೋಟ್‌ಬುಕ್ಕು ತೆರೆದು ಮೂವತ್ತೊಂದನ್ನು ಇನ್ನೊಮ್ಮೆ ಓದಿದ. ಆಮೇಲೆ, "ಅಣ್ಣನ್ನೇ ಒಂದು ಮಾತು ಕೇಳೋಣ," ಎಂದ. ಅತ್ತೆ ತಡೆಯಲಾರದೆ, "ಕೇಳು ಮಗನೇ, ಬಚ್ಚಲಿಗೆ ಹೋಗೋಕೂ ಅವನನ್ನೇ ಕೇಳು," ಎಂದರು.

ಭಾನುವಾರಗಳಂದು ಭಾವ ಒಂದು ತರಗತಿ ನಡೆಸುತ್ತಿದ್ದ. ಹೊಸದಾಗಿ ಬಂದ ನಮ್ಮ ಕಡೆಯ ಸಂಸಾರಗಳಿಗೆ ಮಾರ್ಗದರ್ಶನ. ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ದೊಡ್ಡ ಕೋಣೆ, ಮೂವತ್ತು ಮಡಚುವ ಕುರ್ಚಿ, ಒಂದು ಕಪ್ಪು ಹಲಗೆ. ಅಕ್ಕ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು. ಗಂಡ ಮುಂದಿನ ಸಾಲಿನಲ್ಲಿ ಕೂತು ಹಾಜರಿ ಬರೆಯುತ್ತಿದ್ದ. ಅವಳು ಅದುವರೆಗೆ ಆ ಕಡೆ ತಲೆ ಹಾಕಿರಲಿಲ್ಲ. ಆ ಭಾನುವಾರ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂತಳು.

ಭಾವ ಸೀಮೆಸುಣ್ಣ ಹಿಡಿದು ನಿಂತರೆ ಬೇರೆಯೇ ಮನುಷ್ಯ. ಎದೆ ಸೆಟೆದಿತ್ತು, ದನಿ ಕೋಣೆಯ ಮೂಲೆಗೂ ಮುಟ್ಟುತ್ತಿತ್ತು. ಮೂವತ್ತೊಂದಕ್ಕೆ ಬಂದಾಗ, ಹಿಂದಿನ ಸಾಲಿನಿಂದ ಒಬ್ಬ ಬಡಗಿಯ ಹೆಂಡತಿ ಎದ್ದಳು. ಬಂದು ಹತ್ತು ದಿನವಾಗಿತ್ತಷ್ಟೆ. ಹೆಗಲ ಮೇಲೆ ಕೂಸು ಮಲಗಿತ್ತು.

"ಅಣ್ಣಾ, ಮಗೂಗೆ ಹೃದಯದಲ್ಲಿ ಏನೋ ಸದ್ದು ಇದೆ ಅಂದಿದಾರೆ. ದೊಡ್ಡ ಆಸ್ಪತ್ರೆಯಿಂದ ತಾರೀಖು ಬರುತ್ತೆ, ಸಹಿ ಹಾಕಿ ತಗೋಬೇಕು ಅಂದ್ರು. ಅದನ್ನೂ ಬೇಡ ಅನ್ನಬೇಕಾ?"

ಭಾವ ಒಂದು ಕ್ಷಣ ತಡವರಿಸಿದ. ಮೂವತ್ತು ಜೋಡಿ ಕಣ್ಣು ಅವನ ಮೇಲಿದ್ದವು. "ನೋಡಮ್ಮಾ," ಎಂದ, "ಮೂವತ್ತೊಂದು ಅಂದ್ರೆ ಮೂವತ್ತೊಂದು. ಒಂದಕ್ಕೆ ಸಡಿಲ ಬಿಟ್ರೆ ಎಲ್ಲದಕ್ಕೂ ಬಿಡಬೇಕಾಗುತ್ತೆ."

ಬಡಗಿಯ ಹೆಂಡತಿ ತಲೆಯಾಡಿಸಿ ಕೂರಲು ಹೋದಳು.

"ಕೂರಬೇಡಿ," ಎಂದು ಎರಡನೇ ಸಾಲಿನಿಂದ ಅವಳು ಎದ್ದು ನಿಂತಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಆ ಕಾಗದ ತಗೊಳ್ಳಿ. ಎರಡೂ ಕೈಯಲ್ಲಿ ಸಹಿ ಹಾಕಿ ತಗೊಳ್ಳಿ. ಇವರ ಮಾತು ಕೇಳಿ ನಮ್ಮನೇಲಿ ಎರಡು ಕಾಗದ ಬಿಟ್ವಿ. ಎದುರುಗಡೆ ಸ್ಕೂಲು ಕೈಬಿಟ್ಟು ಹೋಯ್ತು. ನಿಮ್ಮದು ಸ್ಕೂಲಲ್ಲ, ಕೂಸಿನ ಹೃದಯ."

"ನಾದಿನಿ, ಕೂತ್ಕೋ," ಎಂದ ಭಾವ. "ನಿಮ್ಮದು ಏನೋ ಒಂದು ಹೆಚ್ಚುಕಮ್ಮಿ ಆಗಿದೆ. ನಾನು ಹನ್ನೊಂದು ವರ್ಷದಿಂದ..."

"ಭಾವ, ಹನ್ನೊಂದು ವರ್ಷದಿಂದ ನಿಮ್ಮ ಕಾಗದ ಎಲ್ಲಾ ಯಾರು ತಂದಿದ್ದು? ಅಕ್ಕನ್ನ ಕೇಳಿ."

ಎಲ್ಲರೂ ತಿರುಗಿ ಅಕ್ಕನನ್ನು ನೋಡಿದರು. ಅಕ್ಕ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಅವಳು ಸುಳ್ಳು ಹೇಳುತ್ತಾಳೆ ಎಂದೇ ತಂಗಿಗೆ ಅನ್ನಿಸಿತು. ಅಕ್ಕ ಬಡಗಿಯ ಹೆಂಡತಿಯ ಹೆಗಲ ಮೇಲಿದ್ದ ಕೂಸಿನ ಕಡೆ ನೋಡಿದಳು. ಫ್ಲಾಸ್ಕಿನ ಮುಚ್ಚಳ ಹಾಕಿದಳು.

"ನಾನು ತರ್ತಿದ್ದೆ," ಎಂದಳು. "ಪ್ರತಿ ಸಲಾನೂ. ಕಸದ ಬುಟ್ಟಿಯಿಂದ ಚೀಟಿ ತೆಗೆದು, ಅಂಚೆ ಕಚೇರಿಗೆ ಹೋಗಿ. ಒಂದೂ ಬಿಟ್ಟಿಲ್ಲ."

ಭಾವನ ಮುಖ ಬೆಳ್ಳಗಾಯಿತು. ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆ ಅಲ್ಲೇ ನಿಂತಿತ್ತು. ಅವಳು ಆ ಮುಖವನ್ನು ನೋಡುತ್ತ ನಿಂತಳು. ಈಗ ಇವನು ಕೂರುತ್ತಾನೆ, ಇಲ್ಲವೇ ಹೊರಗೆ ಹೋಗುತ್ತಾನೆ, ಇಲ್ಲವೇ ಅಳುತ್ತಾನೆ. ಮೂರರಲ್ಲಿ ಯಾವುದಾದರೂ ಅವಳಿಗೆ ಸಾಕಿತ್ತು.

ಭಾವ ಗಂಟಲು ಸರಿಮಾಡಿಕೊಂಡ.

"ಸರಿ," ಎಂದ. "ಇದನ್ನೇ ನಾನು ಹೇಳಬೇಕು ಅಂತಿದ್ದೆ. ಮನೇಲಿ ಒಬ್ಬರು ಹೋಗಿ ಕಾಗದ ತರಬೇಕು. ಜವಾಬ್ದಾರಿ ಇರೋರು. ಎಲ್ಲರೂ ಬರ್ಕೊಳ್ಳಿ. ನಲವತ್ತೆರಡು."

ಕೋಣೆಯಲ್ಲಿ ಪುಟ ತಿರುಗಿಸುವ ಸದ್ದಾಯಿತು. ಮೂವತ್ತು ಪೆನ್ನು ಬಾಗಿದವು. ಅವಳು ಕಣ್ಣು ನಂಬದೆ ಮುಂದಿನ ಸಾಲಿನತ್ತ ನೋಡಿದಳು. ಗಂಡ ಜೇಬಿನಿಂದ ಸ್ಕೇಲು ತೆಗೆದ. ಮೂವತ್ತೊಂದನ್ನು ಎರಡು ನೇರ ಗೆರೆಗಳಿಂದ ಹೊಡೆದು ಹಾಕಿ, ಪಕ್ಕದಲ್ಲಿ ಚೊಕ್ಕ ಅಕ್ಷರದಲ್ಲಿ "42 ನೋಡಿ" ಎಂದು ಬರೆದ.

"ಇವನು ನನ್ನ ಹೊಟ್ಟೇಲಿ ಹುಟ್ಟಿದ್ದು ಹೌದಾ ಅಂತ ಒಂದೊಂದು ಸಲ ಅನುಮಾನ ಬರುತ್ತೆ," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ.

ಅವಳು ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಅಕ್ಕನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡರೆ, ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ನಲವತ್ತೆರಡಂತೆ!" ಎಂದಳು.

"ನಗಬೇಡ. ಇದಕ್ಕೆಲ್ಲ ನೀನೇ ಕಾರಣ."

"ಹೌದು ಕಣೇ. ನಾನೇ." ಅಕ್ಕ ನಗು ನಿಲ್ಲಿಸಿ, "ನಾಳೆಯಿಂದ ಚೀಟಿ ಎತ್ತಲ್ಲ. ಎಲ್ಲರ ಮುಂದೆ ಬರೆಸಿದಾರಲ್ಲ, ಅವರೇ ಹೋಗಿ ತರಲಿ," ಎಂದಳು.

ಬಾಗಿಲು ತೆರೆದು ಬಡಗಿಯ ಹೆಂಡತಿ ಕೂಸಿನೊಂದಿಗೆ ಬಂದು, ಅಂಚೆ ಕಚೇರಿ ಯಾವ ಕಡೆ ಎಂದು ಕೇಳಿದಳು. ಅಕ್ಕ ಹೇಳಿದಳು. ಗುರುತಿನ ಚೀಟಿ ಮರೆಯಬಾರದೆಂದು ತಂಗಿ ಹೇಳಿದಳು. ಮೂರನೇ ದಿನ ಬಡಗಿಯ ಹೆಂಡತಿಯ ಕಾಗದ ಬಂತು, ಸಹಿ ಹಾಕಿ ತಗೊಂಡಳು. ಕೂಸಿನ ಹೃದಯದಲ್ಲಿದ್ದದ್ದು ಸಣ್ಣ ತೂತು, ಬೆಳೆಯುತ್ತ ತಾನೇ ಮುಚ್ಚಿಕೊಳ್ಳುತ್ತದೆ, ಆಗಾಗ ತಂದು ತೋರಿಸಬೇಕು ಎಂದರಂತೆ.

ಮಗಳು ಆ ವರ್ಷವೆಲ್ಲ ಎರಡು ಬಸ್ಸು ಬದಲಾಯಿಸಿದಳು. ಮೊದಲ ತಿಂಗಳು ಅತ್ತೆ ಜೊತೆಗೆ ಹೋಗಿ, ಶಾಲೆಯ ಗೇಟಿನ ಎದುರಿನ ಬೆಂಚಿನ ಮೇಲೆ ಕೂತು, ಬಿಡುವಿನ ಹೊತ್ತಿಗೆ ಕೈಬೀಸಿ, ಆಮೇಲೆ ಒಬ್ಬರೇ ಮರಳುತ್ತಿದ್ದರು. ಗಂಡನಿಗೆ ಪುಸ್ತಕ ಕಳಿಸುವ ಗೋದಾಮೊಂದರಲ್ಲಿ ನಂಬರು ಹಚ್ಚುವ ಕೆಲಸ ಸಿಕ್ಕಿತು. ಅವನಷ್ಟು ಸುಖಿ ಆ ಊರಿನಲ್ಲಿ ಬೇರೆ ಇರಲಿಕ್ಕಿಲ್ಲ. ಮುಂದಿನ ವರ್ಷದ ಶಾಲೆಯ ಕಾಗದ ಬಂದ ದಿನ ಮಾತ್ರ ಅವನು ಅರ್ಧ ದಿನ ರಜೆ ಹಾಕಿ, ಬೆಳಗ್ಗೆಯಿಂದ ಬಾಗಿಲು ತೆರೆದಿಟ್ಟುಕೊಂಡು ಕಾದ. ಜಾಗ ಸಿಕ್ಕಿತು.

ಅವಳು ಭಾವನನ್ನು ಕ್ಷಮಿಸಲಿಲ್ಲ. ಅವನ ಮೇಲಿನ ತಾತ್ಸಾರ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದನ್ನು ಬಿಟ್ಟಳು. ಪ್ರತಿ ಭಾನುವಾರ ತಪ್ಪದೆ ಆ ಕೋಣೆಗೆ ಹೋಗಿ ಎರಡನೇ ಸಾಲಿನ ಮೊದಲ ಕುರ್ಚಿಯಲ್ಲಿ ಕೂರತೊಡಗಿದಳು. ಭಾವ ಒಂದೊಂದು ಸಲಹೆ ಮುಗಿಸಿದಾಗಲೂ ಎದ್ದು, ಬಹಳ ಮರ್ಯಾದೆಯಿಂದ, "ಭಾವ, ಇದನ್ನ ನೀವು ಯಾವತ್ತಾದ್ರೂ ಮಾಡಿ ನೋಡಿದೀರಾ?" ಎಂದು ಕೇಳುವುದು. ಅವನು ಉತ್ತರಕ್ಕೆ ಫ್ಲಾಸ್ಕಿನ ಕಡೆ ನೋಡಿದರೆ ಅಕ್ಕ ಕಿಟಕಿಯ ಆಚೆ ನೋಡುವಳು.

ಜನ ಹೆಚ್ಚಾದರು. ಕುರ್ಚಿ ಸಾಲದೆ ಕೆಲವರು ನಿಂತೇ ಕೇಳುತ್ತಿದ್ದರು. ಕೆಲವೇ ವಾರಗಳಲ್ಲಿ ಭಾವನಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು. ಬಾಯಿ ತೆರೆಯುವ ಮುಂಚೆ ಒಮ್ಮೆ ಎರಡನೇ ಸಾಲಿನ ಕಡೆ ಕಣ್ಣು ಹಾಯಿಸುವುದು, ಒಂದಿಷ್ಟು ಯೋಚಿಸುವುದು. ಚಳಿ ಮುಗಿದು ಕಿಟಕಿಗಳನ್ನು ತೆರೆದಿಟ್ಟಿದ್ದ ಒಂದು ಭಾನುವಾರ, ಅವಳು ಏಳುವ ಮೊದಲೇ, ಅವನು ಆರನೇ ಸಲಹೆಯಿಂದ ಸೀದಾ ಹನ್ನೊಂದನೆಯದಕ್ಕೆ ಹಾರಿದ.